ಹಳೆ ಟ್ರ್ಯಾಕ್ಟರಿನ ಲಿಫ್ಟ್ ಸೋತಿದೆಯಾ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ರೋಹಿಣಿ ಮಳೆ ಬಿದ್ದು ಹೊಲ ಹದಕ್ಕೆ ಬಂದಿದೆ. ಬೆಳಗ್ಗೆ ಟ್ರ್ಯಾಕ್ಟರಿಗೆ ಕಲ್ಟಿವೇಟರ್ (ಹಲ್ಲುಗಳಿರುವ ಉಳುವ ಸಾಧನ) ಕಟ್ಟಿಕೊಂಡು ಹೋದರೆ ಮೊದಲ ಎಕರೆ ಚೆನ್ನಾಗಿಯೇ ಆಗುತ್ತದೆ. ಬಿಸಿಲು ಏರಿದ ಮೇಲೆ ಶುರು. ಬದುವಿನ ಹತ್ತಿರ ತಿರುಗಿಸುವಾಗ, ಹಿಂದೆ ಕಟ್ಟಿದ ಸಾಮಾನನ್ನು ಆಯಿಲ್ ಒತ್ತಡದಿಂದ ಎತ್ತುವ ಲಿಫ್ಟಿನ ಲಿವರ್ ಎತ್ತಿದರೆ ಕಲ್ಟಿವೇಟರ್ ಮೊಣಕಾಲಿನವರೆಗೆ ಬಂದು ನಿಂತುಬಿಡುತ್ತದೆ. ರೇಸ್ ಕೊಟ್ಟರೆ ಇನ್ನೊಂದು ಗೇಣು ಏಳುತ್ತದೆ. ರೇಸ್ ಬಿಟ್ಟರೆ ಮೆಲ್ಲಗೆ ಇಳಿಯುತ್ತದೆ. ಬಿತ್ತನೆ ಹೊತ್ತಿನಲ್ಲಿ ಹೀಗಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಮ್ಮ ಮನೆಯ ಹಳೆ ಮ್ಯಾಸಿ ಫರ್ಗ್ಯುಸನ್ 1035 ಟ್ರ್ಯಾಕ್ಟರಿಗೂ ಇದೇ ಆಗಿತ್ತು. ಪೇಟೆಯ ಮಿಸ್ತ್ರಿಯೊಬ್ಬರು ನೋಡಿದ ಕೂಡಲೇ "ಪಂಪ್ ಹೋಗೇತಿ" ಅಂದರು. ಅವಸರದಲ್ಲಿದ್ದೆವು, ಸರಿ ಅಂದೆವು. ಪಂಪ್ ಬದಲಾಯಿತು, ಆಯಿಲೂ ಹೊಸದಾಯಿತು. ಎರಡು ದಿನ ಲಿಫ್ಟ್ ಚೆನ್ನಾಗಿ ಎದ್ದಿತು. ಮೂರನೇ ದಿನದಿಂದ ಮತ್ತೆ ಅದೇ ಸಮಸ್ಯೆ. ಕೊನೆಗೆ ಸಿಕ್ಕಿದ್ದು ಲಿಫ್ಟ್ ಪಿಸ್ಟನ್ ಮೇಲಿದ್ದ ಹರಿದ ಓ-ರಿಂಗ್. ಬಳೆಗಿಂತ ದಪ್ಪ ಇಲ್ಲದ ಒಂದು ರಬ್ಬರ್ ಉಂಗುರ ಅಷ್ಟೇ. ಹೊಸ ಪಂಪಿನ ಬಲ ಆ ಸೋರಿಕೆಯನ್ನು ಎರಡು ದಿನ ಮುಚ್ಚಿಟ್ಟಿತ್ತು.

ಅವತ್ತಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ನಿಮ್ಮ ಲಿಫ್ಟಿಗೆ ಎತ್ತಲು ಆಗುತ್ತಿಲ್ಲವೋ, ಎತ್ತಿದ್ದನ್ನು ಹಿಡಿದಿಡಲು ಆಗುತ್ತಿಲ್ಲವೋ, ಇದನ್ನು ಮೊದಲು ತಿಳಿದುಕೊಳ್ಳಿ. ಎರಡೂ ದೂರದಿಂದ ಒಂದೇ ಥರ ಕಾಣುತ್ತವೆ. ಆದರೆ ರಿಪೇರಿ ಬೇರೆ, ಖರ್ಚು ಬೇರೆ.

ಒಳಗೆ ಏನಿದೆ

ಹಳೆ ಟ್ರ್ಯಾಕ್ಟರುಗಳನ್ನು ಎರಡು ಬಗೆ ಮಾಡಬಹುದು. ಒಂದು ಫರ್ಗ್ಯುಸನ್ ಬಗೆ. ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ ಕಂಡುಹಿಡಿದ ಮೂರು ಕೊಂಡಿಯ ಲಿಫ್ಟ್ ಇದು. ಮ್ಯಾಸಿ 35, 1035 ಎಲ್ಲ ಇದೇ ವಂಶ. ಇದರಲ್ಲಿ ಪಂಪ್ ಹೊರಗೆ ಕಾಣಲ್ಲ. ಸೀಟಿನ ಕೆಳಗೆ, ಗೇರ್ ಬಾಕ್ಸಿನ ಹಿಂದೆ, ಆಯಿಲಿನೊಳಗೆ ಮುಳುಗಿ ಕೂತಿರುತ್ತದೆ. 4 ಸಣ್ಣ ಪಿಸ್ಟನ್ ಇರುವ ಪಂಪ್ ಅದು. ಗೇರಿಗೂ ಲಿಫ್ಟಿಗೂ ಒಂದೇ ಆಯಿಲ್, ಸುಮಾರು 30 ಲೀಟರ್. ಇನ್ನೊಂದು ಗೇರ್ ಪಂಪ್ ಬಗೆ. ಪಂಪ್ ಹೊರಗೆ ಕಾಣುತ್ತದೆ, ಅದಕ್ಕೆ ಪೈಪುಗಳಿರುತ್ತವೆ, ಫಿಲ್ಟರನ್ನೂ ಹೊರಗಿನಿಂದಲೇ ಬಿಚ್ಚಬಹುದು.

ಪಂಪ್ ಎಲ್ಲೇ ಇರಲಿ, ಕೆಲಸ ಒಂದೇ. ಆಯಿಲನ್ನು ಒತ್ತಿ ಲಿಫ್ಟ್ ಸಿಲಿಂಡರಿಗೆ ಕಳಿಸುತ್ತದೆ. ಸಿಲಿಂಡರಿನ ಪಿಸ್ಟನ್ ಹಿಂದಕ್ಕೆ ಹೋಗಿ ಲಿಫ್ಟ್ ಶಾಫ್ಟನ್ನು ತಿರುಗಿಸುತ್ತದೆ, ಸಾಮಾನು ಎತ್ತುವ ಹೊರಗಿನ ಕೈ, ಅಂದರೆ ಆರ್ಮ್ ಏಳುತ್ತದೆ. ಇಳಿಯುವುದು ಮಾತ್ರ ಸಾಮಾನಿನ ಭಾರದಿಂದ. ಕೆಳಗೆ ಒತ್ತುವ ಬಲ ಈ ಲಿಫ್ಟಿಗೆ ಇಲ್ಲ.

ಒಂದು ಲೆಕ್ಕ ನೋಡಿ. ಸಿಲಿಂಡರಿನ ಬಾಯಿ 80 ಮಿಲಿಮೀಟರ್ ಅಂದುಕೊಳ್ಳಿ. ಆಗ ಪಿಸ್ಟನ್ ಮುಖ ಸುಮಾರು 50 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿಗೆ 170 ಕೆಜಿ ಒತ್ತಡ ಬಿದ್ದರೆ ಪಿಸ್ಟನ್ ಮೇಲೆ 8500 ಕೆಜಿ ಬಲ. ಒಳಗಿನ ಗಿಡ್ಡ ಕೈ, ಹೊರಗಿನ ಉದ್ದ ಆರ್ಮ್ ದಾಟಿ ಕೊಂಡಿಗೆ ಬರುವ ಹೊತ್ತಿಗೆ ಅದು ಒಂದು ಟನ್ ಆಸುಪಾಸಿಗೆ ಇಳಿದಿರುತ್ತದೆ. ಒತ್ತಡ ಅರ್ಧ ಆದರೆ ಎತ್ತುವ ಭಾರವೂ ಅರ್ಧ. ಖಾಲಿ ಆರ್ಮ್ ಸರಾಗ ಎದ್ದ ಮಾತ್ರಕ್ಕೆ ಲಿಫ್ಟ್ ಸರಿ ಇದೆ ಅಂತ ಅಲ್ಲ, ಅದಕ್ಕೆ ಹೆಚ್ಚು ಒತ್ತಡ ಬೇಕಿಲ್ಲ.

ಕೈ ಹಾಕುವ ಮೊದಲು

ಎತ್ತಿದ ಕಲ್ಟಿವೇಟರ್ ಅಥವಾ ರೋಟಾವೇಟರ್ ಕೆಳಗೆ ಕೈ, ಕಾಲು, ತಲೆ ಯಾವುದನ್ನೂ ಇಡಬೇಡಿ. ಲಿಫ್ಟ್ ಸೋತಿದೆ ಅಂತ ಗೊತ್ತಿದ್ದೇ ಕೆಲಸ ಮಾಡುತ್ತಿದ್ದೀರಿ. ಅದು ಯಾವ ಹೊತ್ತಿಗೆ ಕುಸಿಯುತ್ತದೋ ಹೇಳಲಿಕ್ಕಾಗಲ್ಲ. ಕೆಳಗೆ ಕೆಲಸ ಇದ್ದರೆ ದಪ್ಪ ಮರದ ದಿಮ್ಮಿ ಕೊಡಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಬೇಡ, ಪಟ್ಟನೆ ಒಡೆಯುತ್ತವೆ.

ಪೈಪಿನಲ್ಲಿ ಎಲ್ಲಿ ಸೋರುತ್ತಿದೆ ಅಂತ ಕೈಬೆರಳಿಂದ ಸವರಿ ನೋಡುವ ಚಟ ಹಲವರಿಗಿದೆ. ದಯವಿಟ್ಟು ಬೇಡ. ಈ ಒತ್ತಡದಲ್ಲಿ ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ಚುಚ್ಚಿ ಒಳಗೆ ಹೋಗುತ್ತದೆ. ಹೊರಗೆ ಬರೀ ಒಂದು ಚುಕ್ಕಿ ಕಾಣುತ್ತದೆ, ಒಳಗೆ ಮಾಂಸ ಕೊಳೆಯಲು ಶುರುವಾಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಸೋರಿಕೆ ನೋಡಲು ಒಂದು ರಟ್ಟಿನ ತುಂಡು ಹಿಡಿಯಿರಿ, ಸಾಕು.

ಮೊದಲ ಕೆಲಸ: ಸುಮ್ನೆ ನೋಡುವುದು

ಪಾನಾ ಡಬ್ಬಿ ಪಕ್ಕಕ್ಕಿಡಿ. ನೀವು ದಿನಾ ಕಟ್ಟುವ ಕಲ್ಟಿವೇಟರನ್ನೇ ಕಟ್ಟಿ, ಸಮತಟ್ಟಾದ ಕಣದಲ್ಲಿ ನಿಲ್ಲಿಸಿ. ಎತ್ತಿ, ಇಳಿಸಿ. ಬೆಳಗ್ಗೆ ತಣ್ಣಗಿರುವಾಗ ಒಮ್ಮೆ, ಎರಡು ಗಂಟೆ ಕೆಲಸ ಮಾಡಿ ಆಯಿಲ್ ಬಿಸಿಯಾದ ಮೇಲೆ ಒಮ್ಮೆ. ಮೊಬೈಲಿನಲ್ಲಿ ಸೆಕೆಂಡ್ ಲೆಕ್ಕ ಇಡಿ. ನಮ್ಮ ಟ್ರ್ಯಾಕ್ಟರ್ ಸರಿ ಇದ್ದಾಗ 9 ಹಲ್ಲಿನ ಕಲ್ಟಿವೇಟರನ್ನು ಕೆಲಸದ ರೇಸಿನಲ್ಲಿ 3 ಸೆಕೆಂಡಿಗೆ ಪೂರ್ತಿ ಎತ್ತುತ್ತದೆ. ಹಾಳಾದಾಗ ತಣ್ಣಗೆ 5, ಬಿಸಿಯಾದ ಮೇಲೆ 12 ಸೆಕೆಂಡ್ ಹಿಡಿಯುತ್ತಿತ್ತು.

ಈಗ ಏನು ಕಂಡಿತು ಯೋಚಿಸಿ.

ನಿಧಾನ ಏಳುತ್ತದೆ, ಆದರೆ ಎಷ್ಟೇ ಭಾರ ಇದ್ದರೂ ಕೊನೆಗೆ ಪೂರ್ತಿ ಏಳುತ್ತದೆ. ಎದ್ದಮೇಲೆ ಕದಲಲ್ಲ. ಇಲ್ಲಿ ಒತ್ತಡ ಇದೆ, ಆಯಿಲ್ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಆಯಿಲ್ ಕಡಿಮೆ ಇರಬಹುದು, ಪಂಪ್ ಗಾಳಿ ಎಳೆಯುತ್ತಿರಬಹುದು. ಇವೆಲ್ಲ ಸಣ್ಣ ಖರ್ಚಿನವು.

ಖಾಲಿ ಆರ್ಮ್ ಚುರುಕಾಗಿ ಏಳುತ್ತದೆ, ಭಾರ ಕಟ್ಟಿದರೆ ಅರ್ಧಕ್ಕೆ ನಿಲ್ಲುತ್ತದೆ. ಇಲ್ಲಿ ಒತ್ತಡವೇ ಹುಟ್ಟುತ್ತಿಲ್ಲ, ಅಥವಾ ಹುಟ್ಟಿದ್ದು ಎಲ್ಲೋ ಸೋರಿ ಹೋಗುತ್ತಿದೆ.

ಎತ್ತಿ ಎಂಜಿನ್ ಆಫ್ ಮಾಡಿದರೆ ಬೀಡಿ ಸೇದುವಷ್ಟರಲ್ಲಿ ನೆಲಕ್ಕೆ ಕೂರುತ್ತದೆ. ಎಂಜಿನ್ ಓಡುತ್ತಿದ್ದರೆ ಆರ್ಮ್ ತೂಕಡಿಸುವವರ ತಲೆಯ ಹಾಗೆ ಇಳಿಯುತ್ತದೆ, ಏಳುತ್ತದೆ, ಮತ್ತೆ ಇಳಿಯುತ್ತದೆ. ಇದು ಸೋರಿಕೆಯೇ. ಸೋರಿದಷ್ಟನ್ನು ಪಂಪ್ ಮತ್ತೆ ಮತ್ತೆ ತುಂಬುತ್ತಿದೆ. ಪಂಪ್ ಬದಲಾಯಿಸಿದರೆ ಇದು ಹೋಗಲ್ಲ. ನಾವು ಎಡವಿದ್ದು ಇಲ್ಲೇ. ನಮ್ಮ ಟ್ರ್ಯಾಕ್ಟರ್ ಒಂದು ವಾರದಿಂದ ಹೀಗೆ ತಲೆ ಆಡಿಸುತ್ತಿತ್ತು, ನಾವು ಅದನ್ನು ಕಂಡೂ ಕಾಣದವರಂತೆ ಇದ್ದೆವು.

ಬಿಸಿ-ತಣ್ಣನೆ ಗುಟ್ಟೂ ಇದೆ. ತಣ್ಣಗಿದ್ದಾಗ ಸರಿ, ಬಿಸಿಯಾದ ಮೇಲೆ ಸೋಲುತ್ತದೆ ಅಂದರೆ ಒಳಗೆ ಏನೋ ಸವೆದಿದೆ ಅಥವಾ ಹರಿದಿದೆ. ಬಿಸಿ ಆಯಿಲ್ ತೆಳ್ಳಗಾಗಿ ಆ ಸಂದಿಯಲ್ಲಿ ನುಸುಳುತ್ತದೆ. ತಣ್ಣಗಿದ್ದಾಗ ಸೋಮಾರಿ, ಬಿಸಿಯಾದ ಮೇಲೆ ಚುರುಕು ಅಂದರೆ ಆಯಿಲ್ ಬೇಕಿದ್ದಕ್ಕಿಂತ ದಪ್ಪ ಇದೆ, ಇಲ್ಲವೇ ಫಿಲ್ಟರ್ ಜಾಲರಿ ಅರ್ಧ ಕಟ್ಟಿದೆ.

ಏಳುವಾಗ ಮೆಟ್ಟಿಲು ಹತ್ತಿದ ಹಾಗೆ ತಡೆತಡೆದು ಏಳುತ್ತದೆಯಾ? ಫರ್ಗ್ಯುಸನ್ ಪಂಪಿನಲ್ಲಿ ಇದು ಒಂದು ದೊಡ್ಡ ಸುಳಿವು. 4 ಪಿಸ್ಟನ್‌ಗಳಲ್ಲಿ ಒಂದರ ವಾಲ್ವ್ ಕೂರುತ್ತಿಲ್ಲ. ಕಸ ಸಿಕ್ಕಿರಬಹುದು, ಸ್ಪ್ರಿಂಗ್ ಮುರಿದಿರಬಹುದು. ಮೂರು ಒತ್ತುತ್ತವೆ, ನಾಲ್ಕನೆಯದು ಕೈಕೊಡುತ್ತದೆ.

ಹೊರಗಿನ ತಪಾಸಣೆ

ನಿಮ್ಮ ಲಿಫ್ಟ್ ನಿಜವಾಗಿಯೂ ಸೋತಿದೆಯಾ ಅಂತಲೂ ಕೇಳಿಕೊಳ್ಳಿ. 35 ಎಚ್‌ಪಿ ಟ್ರ್ಯಾಕ್ಟರಿಗೆ 6 ಅಡಿಯ ರೋಟಾವೇಟರ್ ಕಟ್ಟಿ, ಅದಕ್ಕೆ ಎರೆಮಣ್ಣು ಮೆತ್ತಿಕೊಂಡಿದ್ದರೆ ಯಾವ ಲಿಫ್ಟೂ ಬಳಲುತ್ತದೆ. ಭಾರ ಕೊಂಡಿಯಿಂದ ಹಿಂದೆ ಹೋದಷ್ಟೂ ಲಿಫ್ಟಿಗೆ ಕಷ್ಟ. ಕಂಪನಿ ಪುಸ್ತಕದಲ್ಲಿ ಬರೆದ ಕೆಜಿ ಲೆಕ್ಕ ಸಾಮಾನ್ಯವಾಗಿ ಕೆಳ ಕೊಂಡಿಯ ತುದಿಯಲ್ಲಿ ಅಳೆದದ್ದು, ಅದರಿಂದ ಎರಡು-ಮೂರು ಅಡಿ ಹಿಂದೆ ಅಲ್ಲ. ಎತ್ತುವಾಗ ಮುಂದಿನ ಗಾಲಿ ಮೇಲೇಳುತ್ತಿದ್ದರೆ ಲಿಫ್ಟ್ ಸೋತಿಲ್ಲ, ಟ್ರ್ಯಾಕ್ಟರ್ ಹಗುರವಾಗಿದೆ. ಮುಂದೆ ತೂಕ ಹಾಕಿ.

ಲಿವರ್ ನೋಡಿ. ಮ್ಯಾಸಿಯಂಥದ್ದರಲ್ಲಿ ಎರಡು ಲಿವರ್ ಇವೆ, ಒಂದು ಸಾಮಾನಿನ ಎತ್ತರಕ್ಕೆ, ಒಂದು ಮಣ್ಣಿನಲ್ಲಿ ಅದರ ಎಳೆತಕ್ಕೆ. ಒಂದು ತಪ್ಪು ಜಾಗದಲ್ಲಿ ಕೂತಿದ್ದರೆ ಇನ್ನೊಂದನ್ನು ಎಷ್ಟು ಎಳೆದರೂ ಆರ್ಮ್ ಪೂರ್ತಿ ಏಳದೆ ಇರಬಹುದು. ಡ್ರೈವರ್ ಬದಲಾದ ಮನೆಗಳಲ್ಲಿ ಇದು ಬಹಳ ಆಗುತ್ತದೆ. ಲಿವರ್ ಕೆಳಗಿನ ಕಂಬಿ ಬಾಗಿದೆಯಾ, ಪಿನ್ ಸವೆದು ಸಡಿಲ ಆಗಿದೆಯಾ, ಅದನ್ನೂ ನೋಡಿ.

ಟಿಪ್ಪಿಂಗ್ ಟ್ರೇಲರ್ ಎತ್ತುವ ಪೈಪಿಗೆ ಆಯಿಲ್ ತಿರುಗಿಸುವ ಒಂದು ವಾಲ್ವ್ ಇರುತ್ತದೆ. ಅದು ಅರ್ಧಂಬರ್ಧ ತಿರುಗಿದ್ದರೆ ಅರ್ಧ ಬಲ ಅತ್ತ ಹೋಗುತ್ತದೆ. ಪೂರ್ತಿ ಲಿಫ್ಟ್ ಕಡೆಗೆ ತಿರುಗಿಸಿ. ಆರ್ಮಿನ ರಾಡ್ ಬಾಗಿದ್ದರೆ, ಚೈನು ಎಲ್ಲೋ ಸಿಕ್ಕಿಕೊಳ್ಳುತ್ತಿದ್ದರೆ, ಲಿಫ್ಟ್ ಶಾಫ್ಟಿನ ಬುಶ್ ಗ್ರೀಸ್ ಇಲ್ಲದೆ ಬಿಗಿದಿದ್ದರೆ ಅದೂ ಸೋತ ಲಿಫ್ಟ್ ಥರವೇ ಕಾಣುತ್ತದೆ. ಸಾಮಾನು ಬಿಚ್ಚಿ, ಲಿವರ್ ಇಳಿಸಿ, ಆರ್ಮನ್ನು ಕೈಯಿಂದ ಎತ್ತಿ ಬಿಡಿ. ತಾನೇ ಇಳಿಯಬೇಕು. ಇಳಿಯದಿದ್ದರೆ ಎಲ್ಲೋ ಬಿಗಿತ ಇದೆ.

ಆಯಿಲ್ ಮಾತಾಡುತ್ತದೆ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೊಡಿ. ನಾನು ಕಂಡ ಸೋತ ಲಿಫ್ಟುಗಳಲ್ಲಿ ಆಯಿಲ್ ಸರಿ ಇದ್ದದ್ದು ಕಡಿಮೆ.

ಸಮತಟ್ಟು ಜಾಗ, ಆರ್ಮ್ ಪೂರ್ತಿ ಕೆಳಗೆ, ಎಂಜಿನ್ ಆಫ್. ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್ ಸ್ಟಿಕ್ ಎಳೆಯಿರಿ. ಆರ್ಮ್ ಮೇಲಿದ್ದಾಗ ಅಳೆದರೆ ಸಿಲಿಂಡರಿನೊಳಗಿನ ಆಯಿಲ್ ಲೆಕ್ಕಕ್ಕೆ ಸಿಗಲ್ಲ. ಮಟ್ಟ ಕಡಿಮೆ ಇದ್ದರೆ ಬರೀ ತುಂಬಿಸಿ ಸುಮ್ಮನಾಗಬೇಡಿ. ಅದು ಎಲ್ಲಿ ಹೋಯ್ತು? ಹಿಂದಿನ ಆಕ್ಸಲ್ ಸೀಲಿನಿಂದ ಬ್ರೇಕ್ ಡ್ರಮ್ಮಿಗೆ ಇಳಿದಿರಬಹುದು, ರೋಟಾವೇಟರ್ ತಿರುಗಿಸುವ ಹಿಂದಿನ ಶಾಫ್ಟಿನ (ಪಿಟಿಒ) ಸೀಲಿನಿಂದ ಒಸರಿರಬಹುದು. ಟಿಪ್ಪಿಂಗ್ ಟ್ರೇಲರ್ ಜಾಕಿನಲ್ಲೇ ಉಳಿದಿದ್ದರೂ ಆಶ್ಚರ್ಯ ಇಲ್ಲ. ಟ್ರೇಲರ್ ಎತ್ತಿಟ್ಟು ಪೈಪ್ ಕಿತ್ತರೆ ಹಲವು ಲೀಟರ್ ಅಲ್ಲೇ ಉಳಿಯುತ್ತದೆ.

ಈಗ ಬಣ್ಣ. ಬಿಳಿ ಗಾಜಿನ ಬಾಟಲಿಯಲ್ಲಿ ಅರ್ಧ ಆಯಿಲ್ ಹಿಡಿದು ಕಿಟಕಿಯಲ್ಲಿಡಿ. ಹಾಲು ಬೆರೆಸಿದ ಚಹಾದ ಬಣ್ಣ ಇದೆ ಅಂತಿಟ್ಟುಕೊಳ್ಳಿ. ಒಂದೆರಡು ಗಂಟೆಯಲ್ಲಿ ತಿಳಿಯಾದರೆ ಅದು ಗಾಳಿ, ಪಂಪ್ ಎಲ್ಲೋ ಗಾಳಿ ಎಳೆಯುತ್ತಿದೆ. ಮಾರನೇ ದಿನವೂ ಹಾಗೇ ಇದ್ದರೆ ನೀರು. ಅನುಮಾನ ಇದ್ದರೆ ಬಿಸಿ ತವೆ ಮೇಲೆ ಒಂದೇ ಒಂದು ಹನಿ ಬಿಡಿ, ಮುಖ ದೂರ ಇಟ್ಟುಕೊಂಡು. ನೀರಿದ್ದರೆ ಒಗ್ಗರಣೆ ಹಾಗೆ ಚಟಪಟ ಅನ್ನುತ್ತದೆ.

ನೀರು ಹೇಗೆ ಬರುತ್ತದೆ? ಗಂಗಾವತಿ, ಸಿಂಧನೂರು ಕಡೆ ಗದ್ದೆಯಲ್ಲಿ ಕೆಸರು ಹೊಡೆಯುವವರಿಗೆ ಇದು ಚೆನ್ನಾಗಿ ಗೊತ್ತು. ಸೀಲು ಹಳೆಯದಾಗಿದ್ದರೆ ನೀರು ಒಳಕ್ಕೆ ನುಸುಳುತ್ತದೆ. ನಮ್ಮ ಕಡೆ ಹೆಚ್ಚಾಗಿ ಗೇರ್ ಲಿವರಿನ ಹರಿದ ರಬ್ಬರಿನಿಂದ. ಮಳೆಯಲ್ಲಿ ಅಂಗಳದಲ್ಲಿ ನಿಂತ ಟ್ರ್ಯಾಕ್ಟರಿಗೆ ಆ ತೂತು ಆಲಿಕೆ ಇದ್ದ ಹಾಗೆ. ಅದನ್ನು ಮುಚ್ಚದೆ ಪ್ರೆಶರ್ ವಾಟರಿನಲ್ಲಿ ತೊಳೆದರೂ ಅಷ್ಟೇ. ನೀರು ಬಂದರೆ ಸಿಲಿಂಡರಿನ ಒಳಮೈಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಗುಳಿ ಓ-ರಿಂಗನ್ನು ಹರಿದುಹಾಕುತ್ತದೆ.

ನೀರು ಆಯಿಲಿಗಿಂತ ಭಾರ. ಟ್ರ್ಯಾಕ್ಟರನ್ನು ರಾತ್ರಿಯಿಡೀ ಅಲ್ಲಾಡಿಸದೆ ಬಿಟ್ಟು ಬೆಳಗ್ಗೆ ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಸಡಿಲ ಮಾಡಿ. ಮೊದಲು ಇಳಿಯುವುದು ನೀರೇ. ಅದರಿಂದ ಎಷ್ಟು ಸೇರಿದೆ ಅಂತ ಗೊತ್ತಾಗುತ್ತದೆ. ಆದರೆ ನೀರು ಕಳೆದು ಅದೇ ಆಯಿಲನ್ನು ಉಳಿಸಿಕೊಳ್ಳಬೇಡಿ, ಬೆರೆತುಹೋದ ನೀರು ಒಳಗೇ ಇರುತ್ತದೆ.

ಯಾವ ಆಯಿಲ್? ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬರೆದಿರುವುದೇ. ಗೇರಿಗೂ ಹೈಡ್ರಾಲಿಕ್ಕಿಗೂ ಒಂದೇ ಆಯಿಲ್ ಇರುವ ಟ್ರ್ಯಾಕ್ಟರಿಗೆ "ಗೇರ್ ಬಾಕ್ಸ್ ತಾನೆ" ಅಂತ ದಪ್ಪ 90 ನಂಬರ್ ಗೇರ್ ಆಯಿಲ್ ಸುರಿಯುವವರಿದ್ದಾರೆ. ಪಂಪಿಗೆ ಅದನ್ನು ಎಳೆಯಲು ಜೀವ ಹೋಗುತ್ತದೆ. ಟ್ರಾನ್ಸ್‌ಮಿಷನ್, ಹೈಡ್ರಾಲಿಕ್, ಬ್ರೇಕ್ ಮೂರಕ್ಕೂ ಆಗುವ ಆಯಿಲ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ.

ಡ್ರೈನ್ ಬೋಲ್ಟಿನ ತುದಿ ಬೆರಳಿಗೆ ಸವರಿಕೊಂಡು ನೋಡಿ. ಬೂದಿಯಂಥ ನುಣುಪು ಕೆಸರು ಹಳೆ ಗೇರಿಗೆ ಸಹಜ. ಉಗುರಿಗೆ ಸಿಗುವ ಕಬ್ಬಿಣದ ಚಕ್ಕೆ ಇದ್ದರೆ ಪಂಪಿಗೋ ಗೇರಿಗೋ ಏಟಾಗಿದೆ.

ಫಿಲ್ಟರ್ ಮತ್ತು ಗಾಳಿ

ಹಳೆಯ ಫರ್ಗ್ಯುಸನ್ ಬಗೆಯಲ್ಲಿ ಒಳಗಿನ ಜಾಲರಿ ತೊಳೆದು ಮತ್ತೆ ಹಾಕಬಹುದು. ಡೀಸೆಲಿನಲ್ಲಿ ತೊಳೆಯಿರಿ, ಬನಿಯನ್ ಬಟ್ಟೆಯಿಂದ ಒರೆಸಬೇಡಿ, ನೂಲು ಸಿಕ್ಕಿಕೊಳ್ಳುತ್ತದೆ. ಕಾಗದದ ಫಿಲ್ಟರ್ ಇದ್ದರೆ ತೊಳೆಯುವ ಮಾತೇ ಇಲ್ಲ, ಹೊಸದು ಹಾಕಿ.

ಗೇರ್ ಪಂಪ್ ಬಗೆಯಲ್ಲಿ ಎಳೆಯುವ ಬದಿಯ ಪೈಪು ಮೋಸಗಾರ. ಅದು ಸಡಿಲ ಇದ್ದರೂ ಹೊರಗೆ ಆಯಿಲ್ ಹನಿಯದೆ ಇರಬಹುದು, ಯಾಕೆಂದರೆ ಅಲ್ಲಿ ಒಳಗಿನಿಂದ ಎಳೆತ ಇದೆ. ಆಯಿಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪಂಪ್ ಕೊಂಯ್ ಅಂತ ಅಳುತ್ತದೆ. ಎಂಜಿನ್ ಓಡಿಸಿಟ್ಟು, ಆ ಪೈಪಿನ ಒಂದೊಂದೇ ಜಾಯಿಂಟಿಗೆ ಬ್ರಶ್ಶಿನಿಂದ ದಪ್ಪ ಗ್ರೀಸ್ ಮೆತ್ತುತ್ತಾ ಬನ್ನಿ. ತಿರುಗುವ ಬೆಲ್ಟು, ಫ್ಯಾನಿನಿಂದ ಕೈ ದೂರ ಇರಲಿ. ಯಾವ ಜಾಯಿಂಟಿಗೆ ಮೆತ್ತಿದಾಗ ಅಳು ನಿಂತಿತೋ ಅದೇ ಕಳ್ಳ. ಹೊಸ ಓ-ರಿಂಗ್, ಹೊಸ ಕ್ಲಿಪ್, ಅಷ್ಟಕ್ಕೇ ಲಿಫ್ಟ್ ಸರಿಹೋದದ್ದನ್ನು ಕಂಡಿದ್ದೇನೆ.

ಹಿಡಿಯುತ್ತದೋ ಇಲ್ಲವೋ: ಗುರುತಿನ ಪರೀಕ್ಷೆ

ಬಿಸಿ ಆಯಿಲ್ ಇರುವಾಗಲೇ ಮಾಡಿ. ಕಲ್ಟಿವೇಟರ್ ಎತ್ತಿ. ಪಕ್ಕದಲ್ಲಿ ಒಂದು ಕೋಲು ನೆಟ್ಟು, ಆರ್ಮ್ ತುದಿಯ ಮಟ್ಟಕ್ಕೆ ಸುಣ್ಣದ ಗೆರೆ ಹಾಕಿ. ಲಿವರ್ ಮೇಲೇ ಇರಲಿ. ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಡಿ. ಹಳೆ ಟ್ರ್ಯಾಕ್ಟರ್ ಒಂದೆರಡು ಬೆರಳು ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಗೇಣು ಗೇಣಾಗಿ ಇಳಿದರೆ ಅಥವಾ ನೆಲಕ್ಕೇ ಕೂತರೆ, ಹಿಡಿಯುವ ದೋಷ ಖಚಿತ. ಕದಲದೆ ನಿಂತರೆ ಸಿಲಿಂಡರ್ ಸರಿ ಇದೆ, ಇನ್ನು ಪಂಪು, ಅದರ ಹೀರುವ ದಾರಿ, ಒತ್ತಡ ಮಿತಿ ಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಕಡೆ ನೋಡಬೇಕು.

ಟಿಪ್ಪಿಂಗ್ ಟ್ರೇಲರ್ ಇರುವವರಿಗೆ ಇನ್ನೊಂದು ಒಳ್ಳೆಯ ಪರೀಕ್ಷೆ ಇದೆ. ವಾಲ್ವನ್ನು ಪೂರ್ತಿ ಟ್ರೇಲರ್ ಕಡೆ ತಿರುಗಿಸಿ, ಒಂದಿಷ್ಟು ಮಣ್ಣು ತುಂಬಿದ ಟ್ರೇಲರ್ ಎತ್ತಿ ನೋಡಿ. ಅದು ಹಿಂದಿನ ಹಾಗೇ ಗಟ್ಟಿಯಾಗಿ ಎದ್ದರೆ ನಿಮ್ಮ ಪಂಪಿಗೆ ಏನೂ ಆಗಿಲ್ಲ. ದೋಷ ಲಿಫ್ಟ್ ಸಿಲಿಂಡರಿನಲ್ಲಿ. ಅದೂ ಏಳದಿದ್ದರೆ ಪಂಪ್ ಕಡೆ ಅನುಮಾನ. ಈ ಐದು ನಿಮಿಷದ ಕೆಲಸ ಅವತ್ತು ನಾವು ಮಾಡಿದ್ದರೆ ಒಂದು ಪಂಪಿನ ದುಡ್ಡು ಉಳಿಯುತ್ತಿತ್ತು. ಇದನ್ನು ಬರೆಯಲು ಮುಖ್ಯ ಕಾರಣವೂ ಇದೇ.

ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಚದರ ಸೆಂಟಿಮೀಟರಿಗೆ 300 ಕೆಜಿವರೆಗೆ ಒತ್ತಡ ಅಳೆಯುವ ಗೇಜನ್ನು ಟ್ರೇಲರ್ ಪೈಪಿನ ಜಾಗಕ್ಕೆ ಸೇರಿಸಿ. ಹಳೆಯ ಮ್ಯಾಸಿ 35ರ ಬಗೆಯ ಪಂಪಿನಲ್ಲಿ ರಿಲೀಫ್ ವಾಲ್ವ್ ತೆರೆಯುವುದು ಸುಮಾರು 2500 ಪಿಎಸ್‌ಐಗೆ (ಚದರ ಇಂಚಿಗೆ ಇಷ್ಟು ಪೌಂಡ್), ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 175 ಕೆಜಿ. ನಿಮ್ಮ ಮಾಡೆಲಿನ ಅಂಕಿ ಪುಸ್ತಕದಲ್ಲಿ ನೋಡಿಕೊಳ್ಳಿ. ಹಳೆಯ ಹೋಸ್ ಪೈಪನ್ನು ಈ ಕೆಲಸಕ್ಕೆ ಬಳಸಬೇಡಿ. ತಣ್ಣಗಿದ್ದಾಗ ಒಮ್ಮೆ, ಬಿಸಿಯಾದಾಗ ಒಮ್ಮೆ ಅಂಕಿ ಬರೆದುಕೊಳ್ಳಿ. ಒತ್ತಡ ಪೂರ್ತಿ ಬಂದೂ ಆರ್ಮ್ ಏಳದಿದ್ದರೆ ಬಿಗಿತ ಅಥವಾ ಅತಿಭಾರ. ರೇಸ್ ಕೊಟ್ಟರೆ ಮಾತ್ರ ಮುಳ್ಳು ಏರಿ, ರೇಸ್ ಬಿಟ್ಟ ಕೂಡಲೇ ಬಿದ್ದರೆ ಪಂಪ್ ಸವೆದಿದೆ ಅಥವಾ ದೊಡ್ಡ ಸೋರಿಕೆ ಇದೆ. ರೇಸ್ ಎಷ್ಟು ಕೊಟ್ಟರೂ ಒಂದೇ ಕಡಿಮೆ ಅಂಕಿಯಲ್ಲಿ ಅಲ್ಲಾಡದೆ ನಿಂತರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿದೆ.

ಆ ರಿಲೀಫ್ ವಾಲ್ವಿನ ಬಗ್ಗೆ ಒಂದು ಮಾತು. ಸ್ಪ್ರಿಂಗ್ ಕೆಳಗೆ ವಾಶರ್ ಹಾಕಿ "ಲಿಫ್ಟ್ ಬಲ ಮಾಡಿಕೊಡ್ತೀನಿ" ಅನ್ನುವವರು ಸಿಗುತ್ತಾರೆ. ಬೇಡವೇ ಬೇಡ. ಆ ವಾಲ್ವ್ ಇರುವುದು ಬೀಡು ಕಬ್ಬಿಣದ ಸಿಲಿಂಡರ್ ಒಡೆಯದಿರಲಿ ಅಂತ. ಸೋತ ಸ್ಪ್ರಿಂಗಿಗೆ ಹೊಸ ವಾಲ್ವೇ ಮದ್ದು.

ಬ್ಯಾಟರಿ (ಟಾರ್ಚ್) ಹಿಡಿದು ಒಳಗೆ ನೋಡುವುದು

ಫರ್ಗ್ಯುಸನ್ ಬಗೆಯಲ್ಲಿ ದೊಡ್ಡ ಅನುಕೂಲ ಇದು. ಬಲಗಡೆ ಡಿಪ್ ಸ್ಟಿಕ್ ಇರುವ ಪ್ಲೇಟ್ ಬಿಚ್ಚಿದರೆ ಒಳಗೆ ನೋಡಬಹುದು. ಅದಕ್ಕೆ ಮೊದಲು ಆಯಿಲ್ ಮಟ್ಟವನ್ನು ಪ್ಲೇಟಿನ ಕೆಳಗೆ ಬರುವಷ್ಟು ಸ್ವಚ್ಛ ಡಬ್ಬಿಗಳಿಗೆ ಇಳಿಸಿಕೊಳ್ಳಬೇಕು. ಪ್ಲೇಟಿನ ಸುತ್ತ ಮೊದಲೇ ಡೀಸೆಲ್ ಹಾಕಿ ಉಜ್ಜಿ ತೊಳೆಯಿರಿ, ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ಕೆಟ್ಟದು.

ಕ್ರಮ ಹೀಗೆ. ಕಲ್ಟಿವೇಟರ್ ಎತ್ತಿ. ಎಂಜಿನ್ ಆಫ್, ಚಾವಿ ನಿಮ್ಮ ಜೇಬಿನಲ್ಲಿ. ಭಾರ ಆರ್ಮ್ ಮೇಲೇ ನಿಲ್ಲಬೇಕು, ಆಗಲೇ ಒಳಗೆ ಒತ್ತಡ ಇರುತ್ತದೆ. ಬೇಗ ಇಳಿದುಬಿಡುವಂತಿದ್ದರೆ ಆಯಿಲ್ ಇಳಿಸಿ, ಪ್ಲೇಟ್ ಎರಡು ಬೋಲ್ಟಿನಲ್ಲಿ ಹಿಡಿದಿಟ್ಟು, ಒಂದೇ ಸಲ ಎತ್ತಿ ಆಫ್ ಮಾಡಿ ಬಿಚ್ಚಿ. ಹಿಂದೆ ಯಾರೂ ಇರಬಾರದು. ಎಂಜಿನ್ ಓಡುತ್ತಿರುವಾಗ ಇಣುಕಬೇಡಿ, ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ.

ಅವತ್ತು ಸಂಜೆ ನಮ್ಮ ದೊಡ್ಡಪ್ಪನ ಮಗ ಬ್ಯಾಟರಿ ಹಿಡಿದಿದ್ದ. ನಾನು ಕೆನ್ನೆಯನ್ನು ತಣ್ಣನೆ ಕಬ್ಬಿಣಕ್ಕೆ ಒತ್ತಿ ಒಳಗೆ ನೋಡುತ್ತಿದ್ದೆ. ಮೊದಲು ಪಂಪಿನಿಂದ ಮೇಲಕ್ಕೆ ಹೋಗುವ ನಿಂತ ಪೈಪ್ ನೋಡಿದೆ, ಒಣಗಿತ್ತು. ಪಂಪಿನ ಮೈ ಒಣಗಿತ್ತು. ಬ್ಯಾಟರಿಯನ್ನು ಮೇಲಕ್ಕೆ, ಸೀಟಿನ ಕೆಳಗಿನ ಸಿಲಿಂಡರ್ ಕಡೆ ತಿರುಗಿಸಿದ. ಸಿಲಿಂಡರಿನ ಬಾಯಿಯಿಂದ, ಪಿಸ್ಟನ್ ಅಂಚಿನಲ್ಲಿ, ಜೇನಿನ ಎಳೆ ಥರ ಆಯಿಲ್ ಇಳಿಯುತ್ತಿತ್ತು. ಹನಿ ಅಲ್ಲ, ತುಂಡಾಗದ ಎಳೆ. ಆರ್ಮ್ ಇಳಿದಂತೆಲ್ಲ ಆ ಎಳೆ ಸಣ್ಣಗಾಗಿ, ಕಲ್ಟಿವೇಟರ್ ನೆಲ ಮುಟ್ಟಿದಾಗ ನಿಂತುಹೋಯಿತು. "ಅಣ್ಣಾ, ಪಂಪಿಂದಲ್ಲ ಇದು" ಅಂದ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೀಗೆ ನೋಡುವಾಗ ಮೂರು ಜಾಗ ಗಮನಿಸಿ. ಸಿಲಿಂಡರ್ ಬಾಯಿಯಿಂದ ಎಳೆ ಬಂದರೆ ಪಿಸ್ಟನ್ ಸೀಲ್. ನಿಂತ ಪೈಪಿನ ಮೇಲೋ ಕೆಳಗೋ ಒಸರಿದರೆ ಆ ಪೈಪಿನ ಓ-ರಿಂಗ್. ಪಂಪಿನ ಕಡೆಯಿಂದ ಬಂದರೆ ಕಂಟ್ರೋಲ್ ವಾಲ್ವ್ ಅಥವಾ ರಿಲೀಫ್ ವಾಲ್ವ್.

ಮೇಲಿನ ಕವರ್ ತೆಗೆಯುವುದಾದರೆ

ಸಿಲಿಂಡರ್ ಇರುವುದು ಸೀಟಿನ ಕೆಳಗಿನ ಲಿಫ್ಟ್ ಕವರಿನ ಅಡಿಯಲ್ಲಿ. ಸೀಟು, ಲಿಫ್ಟ್ ರಾಡ್ ಬಿಚ್ಚಿ, ಸುತ್ತಲಿನ ಬೋಲ್ಟ್ ತೆಗೆದು ಕವರನ್ನು ನೇರ ಮೇಲಕ್ಕೆ ಎತ್ತಬೇಕು. ಇಬ್ಬರ ಕೈಗೆ ಬಗ್ಗುವ ಭಾರ ಅಲ್ಲ ಅದು. ಭಾರ ಎತ್ತುವ ಚೈನ್ ಬ್ಲಾಕ್ ಬಾಡಿಗೆಗೆ ತನ್ನಿ. ಎತ್ತುವ ಮೊದಲು ನಿಂತ ಪೈಪ್ ತೆಗೆದಿದ್ದೀರಾ ನೋಡಿ, ಲಿವರಿನ ಕೊಂಡಿಗಳು ಹೇಗಿವೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಮೊದಲ ಸಲ ಮಾಡುವವರು ಅನುಭವಿ ಮಿಸ್ತ್ರಿಯನ್ನು ಪಕ್ಕದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಈಗ ನೀವು ಅವರಿಗೆ "ಸಿಲಿಂಡರ್ ಬಾಯಿಂದ ಆಯಿಲ್ ಬರ್ತಾ ಇದೆ, ಅದನ್ನು ನೋಡ್ರಿ" ಅಂತ ಹೇಳಬಲ್ಲಿರಿ, ಅಲ್ವಾ?

ಪಿಸ್ಟನ್ ತೆಗೆದ ಮೇಲೆ ಸಿಲಿಂಡರಿನ ಒಳಮೈ ಒರೆಸಿ, ಉಗುರನ್ನು ಸುತ್ತಲೂ ಆಡಿಸಿ. ಉಗುರು ಎಲ್ಲಿಯೂ ಸಿಕ್ಕಬಾರದು. ಗೀರು, ತುಕ್ಕಿನ ಗುಳಿ ಉಗುರಿಗೆ ಸಿಕ್ಕರೆ ಹೊಸ ಓ-ರಿಂಗ್ ಒಂದು ಸೀಸನ್ನೂ ಬಾಳಲ್ಲ, ಸಿಲಿಂಡರನ್ನೇ ಬದಲಾಯಿಸಿ. ಓ-ರಿಂಗ್ ಜೊತೆಗೆ ಒಂದು ಚಪ್ಪಟೆ ಆಸರೆ ಉಂಗುರ ಇರುತ್ತದೆ. ಆಯಿಲ್ ಒತ್ತುವ ಬದಿಗೆ ಓ-ರಿಂಗ್, ಅದರ ಹಿಂದೆ ಆಸರೆ. ತಿರುವುಮುರುವು ಹಾಕಿದರೆ ರಬ್ಬರ್ ಸಂದಿಗೆ ನುಗ್ಗಿ ಕತ್ತರಿಸಿಹೋಗುತ್ತದೆ. ಹಾಕುವಾಗ ಆಯಿಲ್ ಸವರಿ, ಸ್ಕ್ರೂ ಡ್ರೈವರಿನ ಚೂಪು ತುದಿ ತಾಗಿಸಬೇಡಿ.

ಮೇಲಿನ ಕವರ್ ತೆಗೆದಿರುವಾಗ ನಿಂತ ಪೈಪಿನ ಓ-ರಿಂಗುಗಳನ್ನೂ, ಕವರಿನ ಪ್ಯಾಕಿಂಗನ್ನೂ ಹಾಕಿಬಿಡಿ. ಹಳೆಯವು ಚೆನ್ನಾಗಿ ಕಂಡರೂ ಬಿಡಬೇಡಿ, ಅಗ್ಗದ ರಬ್ಬರಿಗಾಗಿ ಮತ್ತೆ ಇಷ್ಟೆಲ್ಲ ಬಿಚ್ಚುವುದು ಬೇಡ. ಕವರ್ ಇಳಿಸುವಾಗ ಒಳಗಿನ ಕಂಟ್ರೋಲ್ ಕೊಂಡಿ ಪಂಪಿನ ಲಿವರಿನ ಸರಿಯಾದ ಬದಿಗೇ ಕೂರಬೇಕು. ತಪ್ಪು ಬದಿಗೆ ಕೂತರೆ ಎಲ್ಲ ಹೊಸದಾದರೂ ಲಿಫ್ಟ್ ಏಳಲ್ಲ, ಇಲ್ಲವೇ ಎದ್ದದ್ದು ಇಳಿಯಲ್ಲ. ಪಕ್ಕದ ಪ್ಲೇಟಿನ ಬಾಯಿಯಿಂದ ಬ್ಯಾಟರಿ ಬಿಟ್ಟು ನೋಡಿ ಖಾತ್ರಿ ಮಾಡಿಕೊಂಡೇ ಬೋಲ್ಟ್ ಬಿಗಿಯಿರಿ.

ಪಂಪೇ ಹೋಗಿದ್ದರೆ, ಗೇರ್ ಪಂಪ್ ಬಗೆಯಲ್ಲಿ ಸೀಲ್ ಕಿಟ್ ಹಾಕಿ ನೋಡಬಹುದು, ಆದರೆ ಒಳಗಿನ ಮೈ ಸವೆದಿದ್ದರೆ ಕಿಟ್ ದುಡ್ಡು ದಂಡ. ಫರ್ಗ್ಯುಸನ್ ಪಂಪಿನಲ್ಲಿ ವಾಲ್ವ್, ಸ್ಪ್ರಿಂಗ್, ಪಿಸ್ಟನ್ ಬಿಡಿಯಾಗಿ ಸಿಗುತ್ತವೆ, ತಿಳಿದವರು ಚೆನ್ನಾಗಿ ಎಬ್ಬಿಸಿಕೊಡುತ್ತಾರೆ.

ಮತ್ತೆ ತುಂಬಿ, ಓಡಿಸಿ

ಹೊಸ ಆಯಿಲ್ ತುಂಬಿ. ಹಳೆಯದರಲ್ಲಿ ನೀರಿದ್ದರೆ ಆ ಆಯಿಲನ್ನು ಮತ್ತೆ ಹಾಕಬೇಡಿ. ಎಂಜಿನ್ ಸ್ಲೋ ರೇಸಿನಲ್ಲಿಟ್ಟು, ಸಾಮಾನು ಕಟ್ಟದೆ ಹತ್ತು-ಹದಿನೈದು ಸಲ ಎತ್ತಿ ಇಳಿಸಿ. ಮೊದಲ ಕೆಲವು ಸಲ ಜರ್ಕ್ ಹೊಡೆಯುವುದು ಒಳಗಿನ ಗಾಳಿಯಿಂದ, ಹೆದರಬೇಡಿ. ಆಫ್ ಮಾಡಿ, ಮಟ್ಟ ನೋಡಿ, ಕಡಿಮೆಯಾದಷ್ಟು ಸೇರಿಸಿ. ಆಮೇಲೆ ಕಲ್ಟಿವೇಟರ್ ಕಟ್ಟಿ ಸುಣ್ಣದ ಗೆರೆಯ ಪರೀಕ್ಷೆ ಮತ್ತೆ ಮಾಡಿ, ತಣ್ಣಗೆ ಒಮ್ಮೆ, ಬಿಸಿಯಾಗಿ ಒಮ್ಮೆ.

ನೀರು ಸೇರಿದ್ದ ಟ್ರ್ಯಾಕ್ಟರಾದರೆ 50 ಗಂಟೆ ಓಡಿದ ಮೇಲೆ ಇನ್ನೊಮ್ಮೆ ಬಾಟಲಿಯಲ್ಲಿ ಆಯಿಲ್ ಹಿಡಿದು ನೋಡಿ. ಮೂಲೆಯಲ್ಲಿ ಉಳಿದಿದ್ದ ನೀರು ಆಗ ಕಾಣಿಸಿಕೊಳ್ಳುತ್ತದೆ. ಮತ್ತೆ ಬಿಳಿಚಿದ್ದರೆ ಮತ್ತೆ ಬದಲಿಸಬೇಕು. ಗೇರ್ ಲಿವರಿನ ರಬ್ಬರನ್ನು ಮಾತ್ರ ಇವತ್ತೇ ಹಾಕಿಬಿಡಿ. ರಬ್ಬರ್ ಸಿಗುವವರೆಗೆ ಹಳೆ ಟ್ಯೂಬಿನ ತುಂಡು ಸುತ್ತಿ ತಂತಿ ಬಿಗಿದರೂ ಮಳೆಗಾಲ ಕಳೆಯುತ್ತದೆ. ನಮ್ಮದರಲ್ಲಿ ಎರಡು ವರ್ಷ ಅದೇ ಇತ್ತು, ಒಂದು ಹನಿ ನೀರೂ ಒಳಗೆ ಹೋಗಲಿಲ್ಲ.